ಮಿಸ್ರಿಯಾಳ ಪುಸ್ತಕದ ಅಂಚು

ಮೂಡುಬಿದಿರೆಯಲ್ಲಿ ನಾನು ಸಂಜೆ ಚಹಾಕ್ಕೆ ಹೋಗುವ ಸಣ್ಣ ಹೋಟೆಲೊಂದಿದೆ. ಅಲ್ಲಿ ಕೈ ತೊಳೆಯುವ ಬೇಸಿನ್ನಿನ ಪಕ್ಕಕ್ಕೆ ಇನ್ನೂ ಟಿಶ್ಯೂ ಬಂದಿಲ್ಲ. ಹಳೆಯ ಪತ್ರಿಕೆಗಳನ್ನು ಅಂಗೈಯಗಲಕ್ಕೆ ಕತ್ತರಿಸಿ ತಂತಿಯ ಕೊಕ್ಕೆಗೆ ಚುಚ್ಚಿಟ್ಟಿರುತ್ತಾರೆ. ನನಗೊಂದು ವಿಚಿತ್ರ ಅಭ್ಯಾಸ. ಆ ಕಾಗದವನ್ನು ಎಳೆದ ಮೇಲೆ ಎರಡೂ ಮಗ್ಗುಲು ಓದದೆ ನಾನು ಕೈ ಒರೆಸುವುದಿಲ್ಲ. ಅರ್ಧ ಮದುವೆಯ ಜಾಹೀರಾತು, ತಲೆಯಿಲ್ಲದ ಕ್ರಿಕೆಟ್ ಸುದ್ದಿ, ಯಾರದೋ ಶ್ರದ್ಧಾಂಜಲಿಯ ಕಾಲುಭಾಗ, ಎಲ್ಲವನ್ನೂ ಓದುತ್ತೇನೆ. ಹಿಂದೆ ನಿಂತವರು ಒದ್ದೆ ಕೈ ಎತ್ತಿ ಹಿಡಿದುಕೊಂಡು ಕೆಮ್ಮುತ್ತಾರೆ. ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳಾದ್ದರಿಂದ ಜನ ಇದನ್ನು ಓದಿನ ಹುಚ್ಚು ಎಂದು ತಿಳಿದು ಗೌರವ ಕೊಡುತ್ತಾರೆ. ನಾನೂ ತಿದ್ದಲು ಹೋಗಿಲ್ಲ. ನಿಮ್ಮ ಹತ್ತಿರ ಮುಚ್ಚಿಡುವುದೇಕೆ, ಅದು ಓದಿನ ಹುಚ್ಚಲ್ಲ, ಹೆದರಿಕೆ.

ನನ್ನ ಅಪ್ಪ ಬಂಟ್ವಾಳದಲ್ಲಿ ಹೋಟೆಲ್ ಇಟ್ಟಿದ್ದರು. ನಾನು ಏಳನೆಯ ಕ್ಲಾಸಿನಲ್ಲಿದ್ದಾಗಿನ ಮಾತು. ನನ್ನ ಬೆಂಚಿನಲ್ಲಿ ಮಿಸ್ರಿಯಾ ಎಂಬ ಬ್ಯಾರಿ ಹುಡುಗಿ ಕೂರುತ್ತಿದ್ದಳು. ಅವಳ ಉಪ್ಪ, ಎಂದರೆ ತಂದೆ, ಗಲ್ಫಿನಲ್ಲಿ ದೊಡ್ಡ ಅಂಗಡಿಯೊಂದರ ಗೋದಾಮಿನಲ್ಲಿದ್ದರು. ಎರಡು ಮೂರು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದರು. ನಡುವೆ ಯಾರಾದರೂ ಊರಿಗೆ ಹೊರಟರೆ ಅವರ ಕೈಯಲ್ಲಿ ಮಗಳಿಗೆ ಏನಾದರೂ ಕಳಿಸುತ್ತಿದ್ದರು. ಆ ವರ್ಷ ಬಂದದ್ದು ಒಂದು ದಪ್ಪ ಇಂಗ್ಲಿಷ್ ಪುಸ್ತಕ. ಮಂತ್ರ ಕಲಿಸುವ ಶಾಲೆಗೆ ಸೇರುವ ಒಬ್ಬ ಹುಡುಗನ ಕಥೆ.

ನಾವೋ ಕನ್ನಡ ಮಾಧ್ಯಮದವರು. ಇಂಗ್ಲಿಷಿನಲ್ಲಿ ರಜಾ ಅರ್ಜಿ ಬರೆಯುವುದೇ ನಮಗೆ ದೊಡ್ಡ ಮಂತ್ರವಿದ್ಯೆ. ಆದರೂ ಆ ಪುಸ್ತಕವನ್ನು ಓದಲು ಸಾಧ್ಯವಾದದ್ದು ಅವಳ ಉಪ್ಪನಿಂದ. ಎಂಟನೆಯವರೆಗೆ ಓದಿದ್ದ ಆ ಮನುಷ್ಯ ಒಂದು ಡಿಕ್ಷನರಿ ಇಟ್ಟುಕೊಂಡು ಇಡೀ ಪುಸ್ತಕವನ್ನು ಮೊದಲು ತಾನು ಓದಿ, ಕಷ್ಟದ ಶಬ್ದಗಳ ಅರ್ಥವನ್ನೆಲ್ಲ ನೀಲಿ ಪೆನ್ನಿನಲ್ಲಿ ಅಂಚಿಗೆ ಕನ್ನಡದಲ್ಲಿ ಬರೆದಿದ್ದರು. ಅರ್ಥ ಬರೆಯುತ್ತ ಬರೆಯುತ್ತ ಅವರಿಗೆ ಮಗಳೊಂದಿಗೆ ಮಾತಾಡುವ ಆಸೆ ಹುಟ್ಟಿರಬೇಕು. ಒಂದು ಕಡೆ, "ಈ ಶಬ್ದ ಡಿಕ್ಷನರಿಯಲ್ಲಿ ಇಲ್ಲ. ಇವರೇ ಮಾಡಿದ್ದು. ಹೆದರಬೇಡ, ಮುಂದೆ ಹೋಗು" ಎಂದಿತ್ತು. ಶಾಲೆಯ ಭಾರೀ ಊಟದ ವರ್ಣನೆಯ ಪಕ್ಕದಲ್ಲಿ, "ಇಲ್ಲಿ ನಾವು ಹದಿನಾಲ್ಕು ಜನ ಒಟ್ಟಿಗೆ ಊಟಕ್ಕೆ ಕೂರುವುದು. ಇಷ್ಟು ಬಗೆ ಇಲ್ಲ. ಮೀನು ಉಂಟು" ಎಂದಿತ್ತು. ಹಾಸ್ಟೆಲಿನ ಹುಡುಗ ಬೇಸರಿಸುವ ಪುಟದಲ್ಲಿ, "ಇವನಿಗೆ ದಿನಾ ಬೇಜಾರು. ನನಗೆ ಶುಕ್ರವಾರ ಮಾತ್ರ, ರಜೆ ಅಲ್ವಾ" ಎಂದಿತ್ತು.

"ನೀನು ಬೇಗ ಓದ್ತಿ. ನೀನೇ ಮೊದಲು ಓದಿ ನನಗೆ ಕಥೆ ಹೇಳು" ಎಂದು ಮಿಸ್ರಿಯಾ ಅದನ್ನು ನನ್ನ ಚೀಲಕ್ಕೆ ಹಾಕಿದಳು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ನಾನು ಕಥೆ ಹೇಳಬೇಕು, ಅವಳು ಕೇಳಬೇಕು. ನನಗಾಗ ಎಷ್ಟು ಜಂಬವೆಂದರೆ ಅರ್ಥವಾಗದ ಕಡೆಯೆಲ್ಲ ನಾನೇ ಕಥೆ ಕಟ್ಟಿ ಸೇರಿಸಿದ್ದೇನೆ. ಆ ಹುಡುಗನಿಗೆ ಇಲ್ಲದ ಒಬ್ಬ ಸೋದರಮಾವನನ್ನೂ ಕೊಟ್ಟಿದ್ದೆ. ಅಂಚಿನಲ್ಲಿ ಇದ್ದದ್ದನ್ನು ಮಾತ್ರ ಹೇಳುತ್ತಿರಲಿಲ್ಲ. ಅದು ಅವಳ ಉಪ್ಪ ಅವಳಿಗೆ ಬರೆದದ್ದು, ಅದನ್ನಂತೂ ಅವಳು ಓದಿಯೇ ಇರುತ್ತಾಳೆ ಎಂದುಕೊಂಡಿದ್ದೆ.

ಮನೆಯಲ್ಲಿ ಅಜ್ಜಿಗೂ ಕಥೆ ಹೇಳಲು ಹೋದೆ. ಅದು ಮೊದಲ ತಪ್ಪು. ನಮ್ಮ ಕಡೆ ಮಂತ್ರವಾದ ಎಂದರೆ ಮಕ್ಕಳಾಟವಲ್ಲ. ಯಾರು ಯಾರಿಗೆ ಮಾಟ ಮಾಡಿಸಿದರು, ಯಾರ ಗದ್ದೆಯಲ್ಲಿ ಕುಂಬಳಕಾಯಿ ಸಿಕ್ಕಿತು ಎಂಬುದನ್ನು ಅಜ್ಜಿ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಅಂಥವರಿಗೆ ನಾನು ಮಾಟ ಕಲಿಸಲು ಶಾಲೆಯಿದೆ, ಯೂನಿಫಾರಂ ಇದೆ, ಪರೀಕ್ಷೆಯಿದೆ ಎಂದೆ.

"ಪರೀಕ್ಷೆಯಲ್ಲಿ ಫೇಲ್ ಆದವ ಎಂತ ಮಾಡ್ತಾನೆ?" ಎಂದು ಅಜ್ಜಿ ಕೇಳಿದರು.

"ಇನ್ನೊಂದು ವರ್ಷ ಕೂರ್ತಾನೆ ಅಜ್ಜಿ."

"ಅರ್ಧಂಬರ್ಧ ಕಲಿತವನೇ ಹೆಚ್ಚು ಅಪಾಯ. ಇಂಥದ್ದೆಲ್ಲ ಮನೆಯ ಒಳಗೆ ಬೇಡ ಮಗಾ. ಕೊಟ್ಟವರಿಗೆ ತಿರುಗಿ ಕೊಡು."

ಕೊಡಲಿಲ್ಲ. ಹೋಟೆಲಿಗೆಂದು ಮನೆಯ ಜಗಲಿಯ ಮೂಲೆಯಲ್ಲಿ ಹಳೆಯ ಪತ್ರಿಕೆಗಳ ಕಟ್ಟುಗಳನ್ನು ಪೇರಿಸಿಡುತ್ತಿದ್ದರು. ಅವುಗಳ ಹಿಂದೆ ಅಡಗಿಸಿಟ್ಟು ಓದಿದೆ. ಓದಿದ್ದು ಸಾಲದೆ ಕಸ ಗುಡಿಸುವ ಹಿಡಿಸೂಡಿಯಿಂದ ಒಂದು ಕಡ್ಡಿ ಎಳೆದು ತಮ್ಮನ ಮೂಗಿನ ಮುಂದೆ ಆಡಿಸಿ, ಕಪ್ಪೆಯಾಗು ಎಂದು ಮೂರು ಸಲ ಹೇಳಿದೆ. ಅವನು ಕಪ್ಪೆಯಾಗಲಿಲ್ಲ. ಒಂದು ವಾರ ಕಳೆದ ಮೇಲೆ ಹಳದಿಯಾದ.

ಈಗ ನೀವು ನಗಬಹುದು. ಕಾಮಾಲೆಗೆ ಕಾರಣ ಹಿಡಿಸೂಡಿಯಲ್ಲ ಎಂದು ನನಗೂ ಗೊತ್ತು. ಆದರೆ ಹನ್ನೆರಡು ವರ್ಷದವಳಿಗೆ, ಅದರಲ್ಲೂ ಆ ಪುಸ್ತಕ ಓದುತ್ತಿದ್ದವಳಿಗೆ, ತಮ್ಮನ ಕಣ್ಣು ಅರಸಿನದಂತೆ ಆದದ್ದನ್ನು ನೋಡಿ ಅನ್ನ ಇಳಿಯಲಿಲ್ಲ. ಅದೇ ಸಮಯಕ್ಕೆ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದರು, ಹೋಟೆಲಿನ ಗ್ರೈಂಡರು ಎರಡನೇ ಸಲ ಕೆಟ್ಟಿತು. "ಒಮ್ಮೆ ಪ್ರಶ್ನೆ ಇಡುವ" ಎಂದು ಹಿರಿಯರು ಮಾತಾಡಿಕೊಂಡರು. ಅಳದಂಗಡಿ ಕಡೆಯಿಂದ ಜೋಯಿಸರೊಬ್ಬರನ್ನು ಕರೆಸಿದರು. ಅವರು ಕವಡೆ ಹಾಕಿ, ಬಹಳ ಹೊತ್ತು ಲೆಕ್ಕ ಮಾಡಿ, "ಹೊರಗಿನ ಒಂದು ವಸ್ತು ಮನೆಗೆ ಬಂದು ಸೇರಿದ್ದು ಕಾಣ್ತದೆ. ಅದು ಇರುವಷ್ಟು ದಿವಸ ಸಮಾಧಾನ ಇಲ್ಲ" ಎಂದರು.

ಬಾಗಿಲ ಸಂದಿಯಲ್ಲಿ ನಿಂತಿದ್ದ ನಾನು ಆ ವಸ್ತು ಪುಸ್ತಕವೇ ಎಂದು ತೀರ್ಮಾನಿಸಿದೆ. ಒಳಗೆ ದೊಡ್ಡವರು ಆಗಲೇ ವಸ್ತುಗಳ ವಿಚಾರಣೆಗೆ ಕೂತಿದ್ದರು. ಸೆಕೆಂಡ್ ಹ್ಯಾಂಡಿನಲ್ಲಿ ತಂದ ಫ್ರಿಜ್ಜು, ಯಾರೋ ಕೊಟ್ಟ ಈಸಿಚೇರು, ಮಾವ ಗುಜರಿಯಿಂದ ಹಿಡಿದುಕೊಂಡು ಬಂದ ಕಂಚಿನ ಗಂಟೆ. ಫ್ರಿಜ್ಜಿನ ಪರ ಅಮ್ಮ ಜೋರಾಗಿ ವಾದಿಸಿದ್ದರಿಂದ ಅದು ಉಳಿಯಿತು. ಅಂತೂ ಎರಡು ದಿನದ ಮೇಲೆ ತೀರ್ಮಾನ ಗಂಟೆಯ ಮೇಲೆ ಬಂತು, ಅದನ್ನು ದೇವಸ್ಥಾನಕ್ಕೆ ಒಪ್ಪಿಸಿದರು. ಪುಸ್ತಕದ ಹೆಸರನ್ನು ಯಾರೂ ಎತ್ತಲಿಲ್ಲ.

ಆದರೆ ನಾನು ಅಷ್ಟು ಕಾಯಲಿಲ್ಲವಲ್ಲ. ಪ್ರಶ್ನೆ ಇಟ್ಟ ದಿನ ಸಂಜೆಯೇ ನನ್ನದೇ ಒಂದು ಉಪಾಯ ಮಾಡಿದೆ. ಪುಸ್ತಕ ಮನೆಯಲ್ಲಿ ಇರಬಾರದು, ಅಷ್ಟೇ ತಾನೆ? ಹೋಟೆಲು ಮನೆಯಲ್ಲ. ನಾಳೆ ಹೋಟೆಲಿಗೆ ಹೋಗುವ ಪತ್ರಿಕೆಯ ಕಟ್ಟಿನೊಳಗೆ ಅದನ್ನು ತೂರಿಸಿದೆ. ಶನಿವಾರ ಶಾಲೆ ಬಿಟ್ಟು ಬರುವಾಗ ಅಲ್ಲಿಂದ ತೆಗೆದು ಮಿಸ್ರಿಯಾಳಿಗೆ ಮುಟ್ಟಿಸುವುದು ಎಂದು ಲೆಕ್ಕ ಹಾಕಿದ್ದೆ. ಮರುದಿನವೇ ಶಾಲೆಯಲ್ಲಿ ಅವಳಿಗೆ ಕೊಟ್ಟುಬಿಡಬಹುದಿತ್ತು ಎಂದು ನಿಮಗೆ ಅನಿಸುತ್ತದೆ. ನನಗೂ ಅನಿಸುತ್ತದೆ. ಕೊನೆಯ ನಾಲ್ಕು ಅಧ್ಯಾಯ ಬಾಕಿಯಿದ್ದವು, ಅವನ್ನು ಹೋಟೆಲಿನಲ್ಲಿ ಕೂತು ಮುಗಿಸುವ ಆಸೆಯಿತ್ತು.

ಶನಿವಾರ ಹೋಟೆಲಿಗೆ ಹೋದೆ. ಸಪ್ಲೈಯರ್ ಸಂಜೀವಣ್ಣ ಬನ್ಸ್ ಕೊಟ್ಟರು. ತಿಂದು ಕೈ ತೊಳೆದು, ಕೊಕ್ಕೆಯಿಂದ ಕಾಗದ ಎಳೆದು ಒರೆಸಿಕೊಂಡೆ. ಮುದ್ದೆ ಮಾಡಿ ಎಸೆಯುವಾಗ ಬೆರಳಿಗೆ ನೀಲಿ ಹತ್ತಿದ್ದು ಕಂಡಿತು. ಬಿಡಿಸಿ ನೋಡಿದೆ. "ಇಲ್ಲಿ ನನಗೆ ನಗು ಬಂತು. ನಿನಗೂ ಬರಬಹುದು ಮಗಳೇ" ಎಂದಿತ್ತು. ಕೆಳಗೆ ಬುಟ್ಟಿಯ ತುಂಬ ಅಂಥದೇ ಮುದ್ದೆಗಳು.

ಇಷ್ಟಕ್ಕೇ ಮುಗಿದಿದ್ದರೆ ಅದನ್ನು ಗ್ರಹಚಾರ ಎನ್ನಬಹುದಿತ್ತು. ಬೇಸಿನ್ನಿನ ಪಕ್ಕದ ಮೇಜಿನ ಮೇಲೆ ಅರ್ಧ ಪುಸ್ತಕ ಇನ್ನೂ ಇತ್ತು. ರಟ್ಟು ಹೋಗಿತ್ತು, ಹೊಲಿಗೆ ಬಿಟ್ಟಿತ್ತು, ಆದರೂ ಅರ್ಧ ಇತ್ತು. ನಾನು ಅದನ್ನೇ ನೋಡುತ್ತ ನಿಂತದ್ದನ್ನು ಕಂಡು ಸಂಜೀವಣ್ಣ, "ಎಂತ ಮಗಾ, ಅದು ನಿನ್ನ ಪುಸ್ತಕವಾ?" ಎಂದು ಕೇಳಿದರು. ಕ್ಯಾಶಿನಲ್ಲಿ ಅಪ್ಪ ಕೂತಿದ್ದರು. ಹೌದು ಎಂದರೆ ಅದು ಯಾರದ್ದು, ಎಲ್ಲಿಂದ ಬಂತು, ಎಷ್ಟು ದಿನದಿಂದ ಮನೆಯಲ್ಲಿತ್ತು ಎಂಬುದೆಲ್ಲ ಬಿಚ್ಚಿಕೊಳ್ಳುತ್ತದೆ. ತಮ್ಮನ ಕಾಮಾಲೆಯೂ ನನ್ನ ತಲೆಗೆ ಬರುತ್ತದೆ.

"ಅಲ್ಲ" ಎಂದೆ.

ಸಂಜೀವಣ್ಣ ತಲೆಯಾಡಿಸಿ ಇನ್ನಷ್ಟು ಹಾಳೆ ಹರಿದು ಕೊಕ್ಕೆಗೆ ಚುಚ್ಚಿದರು. ಅವರದೇನೂ ತಪ್ಪಿಲ್ಲ. ಅವರು ಕೇಳಿಯೇ ಮಾಡಿದ್ದು.

ಮಿಸ್ರಿಯಾಳಿಗೆ ಬಸ್ಸಿನಲ್ಲಿ ಬಿಟ್ಟುಹೋಯಿತು ಎಂದು ಹೇಳಿದೆ. ಅವಳು ಸ್ವಲ್ಪ ಹೊತ್ತು ಡೆಸ್ಕಿನ ಮೇಲೆ ಉಗುರಿನಿಂದ ಗೀರುತ್ತ ಕೂತಳು. ಆಮೇಲೆ, "ಆಗ್ಲಿ ಬಿಡು. ನಾನೇ ಕಳೆದುಹಾಕಿದೆ ಅಂತ ಉಪ್ಪನಿಗೆ ಹೇಳ್ತೇನೆ" ಎಂದಳು. ಅಂದು ಮಧ್ಯಾಹ್ನವೂ ಉಳಿದ ಕಥೆ ಹೇಳು ಎಂದಳು. ನಾನು ಕೊನೆಯ ನಾಲ್ಕು ಅಧ್ಯಾಯಗಳನ್ನು ಸ್ವಂತವಾಗಿ ಹುಟ್ಟಿಸಿ ಹೇಳಿದೆ. ಅವಳಿಗೆ ಇಷ್ಟವಾಯಿತು.

ಹತ್ತನೆಯ ನಂತರ ನಮ್ಮ ದಾರಿ ಬೇರೆಯಾಯಿತು. ಅವಳು ಮದುವೆಯಾಗಿ ಕಕ್ಕಿಂಜೆಗೆ ಹೋದಳೆಂದು ಕೇಳಿದ್ದೆ. ಈ ವರ್ಷ ಜೂನಿನಲ್ಲಿ ಮಿಜಾರಿನ ನಮ್ಮ ಕಾಲೇಜಿನಲ್ಲಿ ಪಿಯುಸಿಯ ಅಡ್ಮಿಶನ್ನಿಗೆ ಅರ್ಜಿ ತೆಗೆದುಕೊಳ್ಳುತ್ತ ಕೂತಿದ್ದಾಗ, ಮಗಳನ್ನು ಕರೆದುಕೊಂಡು ಬಂದ ಒಬ್ಬಳು, "ಗುರ್ತ ಸಿಕ್ಕಿತಾ ಮಾರಾಯ್ತಿ?" ಎಂದಳು. ಕ್ಯಾಂಟೀನಿಗೆ ಕರೆದುಕೊಂಡು ಹೋದೆ. ಅವಳ ಉಪ್ಪ ಗಲ್ಫಿನಿಂದ ಬಂದು ಊರಲ್ಲೇ ಇದ್ದು, ಎರಡು ವರ್ಷದ ಹಿಂದೆ ತೀರಿಕೊಂಡರಂತೆ. ಅದು ಕೇಳಿದ ಮೇಲೆ ನನ್ನಿಂದ ತಡೆಯಲಾಗಲಿಲ್ಲ. ಬಸ್ಸು ಸುಳ್ಳೆಂದು ಹೇಳಿದೆ. ಪತ್ರಿಕೆಯ ಕಟ್ಟು, ಕೊಕ್ಕೆ, ಉಳಿದಿದ್ದ ಅರ್ಧ, ನಾನು ಅಲ್ಲ ಎಂದದ್ದು, ಎಲ್ಲ ಹೇಳಿದೆ.

ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ನಿಜವಾಗಿ, ಬೈಯಲಿ ಎಂದೇ ಬಯಸಿದ್ದೆ.

"ನಾನು ಕಳೆದೆ ಅಂದ ಮೇಲೆ ಉಪ್ಪ ಬೇರೆ ಪುಸ್ತಕ ಕಳಿಸ್ಲಿಲ್ಲ" ಎಂದಳು. "ಇವಳಿಗೆ ಓದಿನಲ್ಲಿ ಮನಸ್ಸಿಲ್ಲ ಅಂತ ಗ್ರಹಿಸಿರಬೇಕು. ಮತ್ತೆ ವಾಚು ಬಂತು, ಸೆಂಟು ಬಂತು." ಚಹಾದ ಗ್ಲಾಸನ್ನು ಸ್ವಲ್ಪ ತಿರುಗಿಸಿದಳು. "ಅದರಲ್ಲಿ ಅವರು ಬರೆದದ್ದು ಎಂತೆಲ್ಲ ಇತ್ತು?"

"ನೀನು ಓದಿದ್ದಿಯಲ್ಲ?"

"ನಾನೆಲ್ಲಿ ಓದಿದ್ದು? ಎರಡು ಪುಟ ಮಗುಚಿ ನಿನಗೆ ಕೊಟ್ಟದ್ದಲ್ವಾ. ನಿನ್ನದು ಆದ ಮೇಲೆ ನಿಧಾನಕ್ಕೆ ಓದುವ ಅಂತ ಇದ್ದೆ."

ಇಷ್ಟು ವರ್ಷ ನಾನು ಒಂದು ಪುಸ್ತಕ ಹಾಳು ಮಾಡಿದೆನೆಂದು ಕೊರಗಿದ್ದೆ. ಒಬ್ಬ ತಂದೆ ಮಗಳಿಗೆ ಬರೆದದ್ದನ್ನು ಮಗಳ ಬದಲು ನಾನು ಓದಿದ್ದೆ. ಓದಿದವಳು ನಾನೊಬ್ಬಳೇ.

ಆ ವಾರವೇ ಅದೇ ಪುಸ್ತಕದ ಹೊಸ ಪ್ರತಿಯೊಂದನ್ನು ತರಿಸಿದೆ. ನೀಲಿ ಪೆನ್ನು ಹಿಡಿದು, ಎಲ್ಲೆಲ್ಲಿ ಏನಿತ್ತೆಂದು ನೆನಪು ಮಾಡುತ್ತ ಒಂದು ತಿಂಗಳು ಕೂತೆ. ಶಬ್ದಾರ್ಥಗಳು ಬಿಟ್ಟರೆ ಅವರ ಮಾತು ನೆನಪಿಗೆ ಬಂದದ್ದು ಒಂಬತ್ತು ಮಾತ್ರ. ನೂರಕ್ಕೂ ಹೆಚ್ಚು ಇದ್ದವು. ಹತ್ತನೆಯದನ್ನು ನಾನೇ ಬರೆಯಲು ಪೆನ್ನು ಊರಿದ್ದೂ ಉಂಟು. ಅವರ ಧಾಟಿ ನನಗೆ ಬರುತ್ತದೆ, ಅವಳಿಗೆ ಗೊತ್ತಾಗುವುದೂ ಇಲ್ಲ, ಸಂತೋಷವೂ ಪಡುತ್ತಾಳೆ. ಕಥೆ ಹುಟ್ಟಿಸಿ ಹೇಳಿ ಅಭ್ಯಾಸವಿದ್ದವಳು ನಾನು. ಪೆನ್ನಿಗೆ ಕ್ಯಾಪ್ ಹಾಕಿ ಎದ್ದೆ.

ಕಳೆದ ಭಾನುವಾರ ಕಕ್ಕಿಂಜೆಗೆ ಹೋಗಿ ಅದನ್ನು ಅವಳ ಕೈಗೆ ಕೊಟ್ಟೆ. ಮಿಸ್ರಿಯಾ ಜಗಲಿಯಲ್ಲಿ ಕೂತು ಒಂದೊಂದನ್ನೂ ಬೆರಳಿಟ್ಟು ಓದಿದಳು. ಶುಕ್ರವಾರದ ಮಾತನ್ನು ಎರಡು ಸಲ ಓದಿದಳು. ಒಂಬತ್ತನೆಯದು ಮುಗಿದ ಮೇಲೂ ಪುಸ್ತಕ ಮುಚ್ಚಲಿಲ್ಲ. ಖಾಲಿ ಅಂಚಿನ ಪುಟಗಳನ್ನು ಒಂದೊಂದಾಗಿ ಮಗುಚುತ್ತ, ಒಂದನ್ನೂ ಬಿಡದೆ, ಕೊನೆಯ ರಟ್ಟಿನವರೆಗೆ ಹೋದಳು.

"ಇಷ್ಟೇಯಾ?" ಎಂದು ಕೇಳಿದಳು.

"ಇಷ್ಟೇ" ಎಂದೆ.