ಪಟ್ಟು ಮೇಸ್ತ್ರಿಯ ಮೊದಲ ಪೆನ್ನು

ಬಸ್ ಡಿಪೋದಲ್ಲಿ ಬ್ರೇಕು, ಗೇರು ಅಂತ ಆಯಸ್ಸು ಸವೆಸಿ ನಿವೃತ್ತರಾದ ಮೇಸ್ತ್ರಿಗೆ ಮರದ ಪೆನ್ನು ಮಾಡುವ ಹುಚ್ಚು ಎಲ್ಲಿಂದ ಹತ್ತಿತೋ ಯಾರಿಗೂ ಗೊತ್ತಿಲ್ಲ. ಮನೆಯ ಹಿಂದಿನ ಕೋಣೆಗೆ ಪುಟ್ಟದೊಂದು ಲೇತು ಬಂತು. ಮರದ ತುಂಡಿಗೆ ಉದ್ದಕ್ಕೆ ತೂತು ಕೊರೆದು, ಒಳಗೆ ಹಿತ್ತಾಳೆ ಕೊಳವೆ ಅಂಟಿಸಿ, ಲೇತಿಗೆ ಕೊಟ್ಟು ದುಂಡಗೆ ಕಡೆದು, ಕೊನೆಗೆ ರೀಫಿಲ್ಲನ್ನು ಒಳಗೆ ಹೊರಗೆ ಮಾಡುವ ತಿರುಪು ಒತ್ತಿ ಕೂರಿಸಿದರೆ ಪೆನ್ನು. ಹೇಳುವುದಕ್ಕೆ ಇಷ್ಟೇ. ಆದರೆ ಮೇಸ್ತ್ರಿ ಕೆಲಸಕ್ಕೆ ಕೈ ಹಚ್ಚುವ ಮುಂಚೆ ಕೆಲಸವನ್ನು ಹಿಡಿದುಕೊಳ್ಳುವ ಸಾಧನ ಬೇಕೆನ್ನುವವರ ಪೈಕಿ.

ಅಂಥ ಸಾಧನಕ್ಕೆ ಅವರಿಟ್ಟ ಹೆಸರು ಪಟ್ಟು. ತೂತು ನೆಟ್ಟಗೆ ಕೊರೆಯಲು ಒಂದು ಪಟ್ಟು. ಅದಕ್ಕೆ ಅಡುಗೆಮನೆಯ ಹೆಚ್ಚುವ ಮಣೆ ಬಲಿಯಾಯಿತು. ಅಂಟು ಹಚ್ಚುವಾಗ ಬೆರಳು ಕೊಳವೆಗೆ ಅಂಟದಂತೆ ಇನ್ನೊಂದು. ತಂತಿಯ ಮೇಲಿನ ಬಟ್ಟೆ ಕ್ಲಿಪ್ಪುಗಳು ಮಾಯವಾದವು. ಆಮೇಲೆ ಪಟ್ಟು ಮಾಡುವುದಕ್ಕೇ ಒಂದು ಪಟ್ಟು. ಬೀದಿಯವರು ಪಟ್ಟು ಮೇಸ್ತ್ರಿ ಎಂದೇ ಕರೆಯತೊಡಗಿದರು. ಪೆನ್ನು ಮಾತ್ರ ಒಂದೂ ಹುಟ್ಟಿರಲಿಲ್ಲ.

ಅವರ ಹೆಂಡತಿ ಬಟ್ಟೆ ಹೊಲಿದುಕೊಡುವವರು. ಹೊಲಿಗೆ ಮಿಷನ್ನು ನಡುಮನೆಯ ಮೂಲೆಯಲ್ಲಿ, ಹೋಗಿಬರುವವರ ಕಾಲಿಗೆ ಸಿಗುವಂತೆ ಇತ್ತು. ಬೆಳಕು ಬೆನ್ನ ಕಡೆಯಿಂದ ಬಿದ್ದು ಸೂಜಿಯ ಮೇಲೆ ಅವರದೇ ನೆರಳು. ಮನೆಯಲ್ಲಿ ದೊಡ್ಡ ಕಿಟಕಿ ಇದ್ದದ್ದು ಹಿಂದಿನ ಕೋಣೆಗೊಂದೇ. ಅಲ್ಲಿ ಲೇತು ಮೆರೆಯುತ್ತಿತ್ತು.

"ರೀ, ಅಲ್ಲಿ ಕೂತು ಅದೇನು ಕಡಿದು ಗುಡ್ಡೆ ಹಾಕ್ತಿದೀರಿ?" ಎಂದು ಒಂದು ದಿನ ಆಕೆ ಕೇಳಿದರು. ಗುಡ್ಡೆಯಂತೂ ಇತ್ತು, ಮರದ ಹೊಟ್ಟಿನದು.

"ಪೆನ್ನಿಗೆ ತಯಾರಿ ಕಣೇ."

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಯೋದು ನನ್ನ ಕಸುಬು ಅಂದ್ಕೊಂಡಿದ್ದೆ. ನೀವು ನನ್ನನ್ನೂ ಮೀರಿಸಿದ್ರಿ. ಭಾನುವಾರ ಒಂದು ಪೆನ್ನು ತೋರಿಸಿ. ತಿರುಗಿಸಿದ್ರೆ ಮೊನೆ ಹೊರಗೆ ಬರಬೇಕು, ಮತ್ತೆ ತಿರುಗಿಸಿದ್ರೆ ಒಳಗೆ ಹೋಗಬೇಕು. ಇಲ್ದಿದ್ರೆ ಆ ಕೋಣೆ ನನಗೆ."

"ಆಯ್ತು. ನಾನು ಗೆದ್ರೆ ಕೋಣೆ ಸುದ್ದಿ ಮತ್ತೆ ಎತ್ತಬಾರ್ದು."

ಬಾಯಲ್ಲಿ ಜಂಬ ಕೊಚ್ಚಿದರೂ ಮೇಸ್ತ್ರಿ ಕೋಣೆಯ ಕಡೆ ಒಮ್ಮೆ ತಿರುಗಿ ನೋಡಿದರು. ಕಸ ಗುಡಿಸುವಾಗ ಕಾಲೆತ್ತಿ ಎಂದು ಯಾರೂ ಹೇಳದ ಜಾಗ ಅವರಿಗಿದ್ದದ್ದು ಅದೊಂದೇ.

ಹಟ ತೊಟ್ಟು ಕೂತರು. ತೂತು ನೆಟ್ಟಗೆ ಬಂತು, ಕೊಳವೆ ಕೂತಿತು, ಕಡೆದ ಮರ ಹೊಳೆಯಿತು. ಉಳಿದದ್ದು ತಿರುಪು ಒತ್ತುವುದು. ಅದು ಇಂತಿಷ್ಟೇ ಆಳಕ್ಕೆ ಇಳಿಯಬೇಕು. ಹೆಚ್ಚು ಇಳಿದರೆ ಮೊನೆ ಹೊರಗೇ ಉಳಿಯುತ್ತದೆ, ಹಿಂದಕ್ಕೆ ಕೀಳಲು ಬರುವುದಿಲ್ಲ. ಅದಕ್ಕೂ ಪಟ್ಟು ತಯಾರಾಯಿತು: ಹಳೇ ಬಾಗಿಲ ಮಡಚು ಕೀಲಿಗೆ ಜೋಡಿಸಿದ ಮರದ ಹಿಡಿ, ಅದು ಅಳತೆ ಮೀರದಂತೆ ಕೆಳಗೆ ಮೊಳೆಗೆ ಸಿಕ್ಕಿಸಿದ ಒಂದು ಖಾಲಿ ದಾರದ ರೀಲು. ರೀಲು ಯಾರ ಡಬ್ಬಿಯಿಂದ ಬಂತೆಂದು ಬೇರೆ ಹೇಳಬೇಕಿಲ್ಲ.

ಶನಿವಾರ ಹೆಂಡತಿಯನ್ನು ಕರೆದು ತೋರಿಸಿದರು. "ಹಿಡಿ ಬಂದು ರೀಲಿಗೆ ತಾಗಿ ನಿಲ್ಲುತ್ತೆ. ಕಣ್ಣು ಮುಚ್ಚಿ ಒತ್ತಿದ್ರೂ ತಪ್ಪಲ್ಲ."

"ರೀಲು ಇಲ್ದಿದ್ರೆ?"

"ಪೆನ್ನು ಕೆಟ್ಟ ಹಾಗೇ."

"ಹೌದಾ," ಎಂದು ಆಕೆ ಬಹಳ ವಿನಯದಿಂದ ತಲೆದೂಗಿದರು. ಆ ವಿನಯ ಕಂಡಾಗಲೇ ಮೇಸ್ತ್ರಿ ಎಚ್ಚರಾಗಬೇಕಿತ್ತು.

ಭಾನುವಾರ ಹೆಂಡತಿಯ ಎದುರೇ ಪೆನ್ನನ್ನು ಪಟ್ಟಿಗೆ ಕೊಟ್ಟು, ಆಡಿದ ಮಾತು ಉಳಿಸಿಕೊಳ್ಳಲು ನಿಜಕ್ಕೂ ಕಣ್ಣು ಮುಚ್ಚಿ ಹಿಡಿ ಒತ್ತಿದರು. ಹಿಡಿ ತಾಗಬೇಕಾದಲ್ಲಿ ತಾಗಲಿಲ್ಲ. ಕಟ್ ಎಂದಿತು. ಕಣ್ಣು ಬಿಟ್ಟರೆ ಬರೀ ಮೊಳೆ.

ಹೆಂಡತಿ ಪೆನ್ನು ತಗೊಂಡು ತಿರುಗಿಸಿದರು. ಮೊನೆ ಒಳಗೆ ಹೋಗಲೊಲ್ಲದು. ಮೇಸ್ತ್ರಿಗೆ ಅಳುವೇ ಬಂತು. ಆಕೆ ಬಟ್ಟೆಯ ಚೂರಿನ ಮೇಲೆ ಒಂದು ಗೆರೆ ಎಳೆದರು.

"ಚೆನ್ನಾಗಿ ಬರೆಯುತ್ತೆ, ಕೈಗೂ ಹಿತವಾಗಿದೆ. ಗುರುತು ಹಾಕುವಾಗ ಒಂದು ಕೈ ಬಟ್ಟೆ ಮೇಲಿರುತ್ತೆ, ತಿರುಗಿಸ್ತಾ ಕೂರೋಕೆ ಆಗುತ್ತಾ? ಮೊನೆ ಹೊರಗಿದ್ರೇ ವಾಸಿ. ಪೆನ್ನು ನನಗಿರಲಿ. ಕೋಣೆನೂ."

ಲೇತು ಮೆಟ್ಟಿಲ ಕೆಳಗಿನ ಸಂದಿಗೆ ಹೋಯಿತು. ಮಿಷನ್ನನ್ನು ಕಿಟಕಿಯ ಬಳಿಗೆ ತಳ್ಳುವಾಗ ಅದರ ಡ್ರಾಯರು ತೆರೆದುಕೊಂಡು ಖಾಲಿ ರೀಲು ಉರುಳಿ ಮೇಸ್ತ್ರಿಯ ಪಾದಕ್ಕೇ ಬಂದು ನಿಂತಿತು. ಅದನ್ನೆತ್ತಿಕೊಂಡು ಜಗಳಕ್ಕೆ ಬಾಯಿ ತೆರೆದರು. ಅಷ್ಟರಲ್ಲಿ ಹೆಂಡತಿ ಕಿಟಕಿಯ ಬೆಳಕಿಗೆ ಸೂಜಿ ಹಿಡಿದು, ಕಣ್ಣು ಕಿರಿದು ಮಾಡದೆ, ಒಂದೇ ಸಲಕ್ಕೆ ದಾರ ಪೋಣಿಸಿದ್ದು ಕಂಡಿತು. ಎಷ್ಟು ವರ್ಷ ಇವಳನ್ನು ಕತ್ತಲಲ್ಲಿ ಕೂರಿಸಿದೆ ಎಂದು ನಾಚಿಕೆಯಾಗಿ, ಜಗಳ ನಾಲಿಗೆಯ ತುದಿಯಲ್ಲೇ ಕರಗಿತು.

"ಇದರಲ್ಲಿ ದಾರ ಕೂಡ ಇಲ್ವಲ್ಲೇ," ಎಂದಷ್ಟೇ ಅಂದರು.

"ನನ್ನ ರೀಲು ನಾನು ತಗೊಂಡೆ," ಎಂದು ಆಕೆ ತಲೆ ಎತ್ತದೆ ಹೇಳಿದರು. "ನೀವು ಅಷ್ಟೊಂದು ಪಟ್ಟು ಹಾಕಿದ್ರಿ. ನಾನು ಹಾಕಿದ್ದು ಒಂದೇ."