ಹೊಗೆಯಿಲ್ಲದ ಎಣ್ಣೆ

ನನ್ನ ಗಂಡ ಬೀಡಿ ಸೇದಿದವರಲ್ಲ, ಸಿಗರೇಟು ಮುಟ್ಟಿದವರಲ್ಲ, ಎಲೆಯಡಿಕೆಯ ಜೊತೆ ಒಂದು ಚೂರು ತಂಬಾಕು ಕೂಡ ಬಾಯಿಗಿಟ್ಟವರಲ್ಲ. ಆದರೂ ಸವದತ್ತಿಯ ಡಾಕ್ಟರು ಅವರ ಬೆನ್ನಿಗೆ ಕೊಳವೆ ಹಚ್ಚಿ ಕೇಳಿದ ಮೊದಲ ಪ್ರಶ್ನೆ, "ದಿನಕ್ಕ ಎಷ್ಟ ಬೀಡಿ ಸೇದತೀರಿ?" ಎಂದು. ನನಗೆ ಸಿಟ್ಟು ನೆತ್ತಿಗೇರಿತು. "ಇವರು ಸೇದಂಗಿಲ್ರಿ, ಇವರ ಎಂಜಿನ್ ಸೇದತೈತಿ" ಎಂದುಬಿಟ್ಟೆ. ಡಾಕ್ಟರು ನಕ್ಕರು. ನಾನು ನಗಲಿ ಅಂತ ಹೇಳಿದ್ದಲ್ಲ.

ನಮ್ಮದು ಮಲಪ್ರಭೆಯ ಹಿನ್ನೀರಿನ ದಂಡೆಯ ಮೇಲಿನ ಊರು. ನಾನು ಊರಿನ ಅಂಗನವಾಡಿಯ ಟೀಚರು. ಗಂಡ ದೋಣಿ ನಡೆಸುತ್ತಾರೆ. ಈ ದಂಡೆಯವರನ್ನು ಆಚೆಯ ಹೊಲಗಳಿಗೆ, ಆಚೆಯವರನ್ನು ಈಚೆಯ ಬಸ್ಸಿಗೆ ಮುಟ್ಟಿಸುವುದು ಅವರ ಕೆಲಸ. ದೋಣಿಯ ಹಿಂದೆ ಸಿಕ್ಕಿಸುವ ಸಣ್ಣ ಟೂ ಸ್ಟ್ರೋಕ್ ಎಂಜಿನ್ ಕಾರವಾರದ ಕಡೆಯ ಮೀನುಗಾರರೊಬ್ಬರು ಬಳಸಿ ಬಿಟ್ಟದ್ದು. ತಂದ ದಿನ ಅದನ್ನು ಅಂಗಳದಲ್ಲಿ ಇಟ್ಟು, ಕೂಸಿಗೆ ನೀರು ಹಾಕುವ ಹಾಗೆ ತೊಳೆದಿದ್ದರು. ನನ್ನ ಮೈದುನನ ಮದುವೆಯಲ್ಲಿ ನಾನು ಉಟ್ಟ ಸೀರೆಯ ಬಣ್ಣ ಕೇಳಿದರೆ ಅವರಿಗೆ ನೆನಪಿಲ್ಲ. ಆ ಎಂಜಿನ್ನಿನ ಒಂದೊಂದು ಬೋಲ್ಟು ನೆನಪಿದೆ.

ಇಂಥ ಎಂಜಿನ್ನಿಗೆ ಎಣ್ಣೆ ಹಾಕುವ ಜಾಗ ಬೇರೆ ಇರುವುದಿಲ್ಲ. ಪೆಟ್ರೋಲಿನಲ್ಲೇ ಎಣ್ಣೆ ಕಲಸಬೇಕು. ಆ ಎಣ್ಣೆ ಒಳಗೆ ಹೋಗಿ ಪಿಸ್ಟನ್ ಸವೆಯದಂತೆ ಕಾಯುತ್ತದೆ, ಆಮೇಲೆ ಪೆಟ್ರೋಲಿನ ಜೊತೆಗೇ ಸುಟ್ಟು ಹೊಗೆಯಾಗುತ್ತದೆ. ಹೊಗೆ ದೋಣಿಯ ಹಿಂದೆ ನೀರಿನಿಂದ ಮೇಲೇಳುತ್ತದೆ, ಹಿಡಿಕೆ ಹಿಡಿದು ನಡೆಸುವವರು ಕೂಡುವುದೂ ಅಲ್ಲೇ. ಆಷಾಢದ ಗಾಳಿ ಬೆನ್ನ ಹಿಂದಿನಿಂದ ಬೀಸಿತೆಂದರೆ ಎಲ್ಲ ಹೊಗೆಯೂ ಅವರ ಮುಖಕ್ಕೇ. ಹದಿನೈದು ವರ್ಷ ಅದನ್ನೇ ಕುಡಿದಿದ್ದರು.

ಡಾಕ್ಟರು ಖಡಾಖಂಡಿತ ಹೇಳಿದರು. "ಹೊಗಿ ಬಿಡಬೇಕು, ಇಲ್ಲಾ ದೋಣಿ ಬಿಡಬೇಕು. ಎರಡೂ ಇಟ್ಕೊಂಡ್ರ ಈ ಎದಿ ತಾಳಂಗಿಲ್ಲ."

ಬಸ್ ನಿಲ್ದಾಣಕ್ಕೆ ನಡೆದು ಬರುವಾಗ ಅವರು ಎರಡು ಕಡೆ ನಿಂತರು. ಮೊದಲ ಸಲ ಎಲ್ಲಮ್ಮನ ಗುಡ್ಡದ ಕಡೆ ನೋಡುತ್ತ ನಿಂತ ಹಾಗೆ ಮಾಡಿದರು, ಎರಡನೇ ಸಲ ಕಬ್ಬಿನ ಹಾಲಿನ ಅಂಗಡಿಯ ಮುಂದೆ. ಇಬ್ಬರೂ ಒಂದೊಂದು ಗ್ಲಾಸು ಕುಡಿದೆವು. ಅವರಿಗೆ ಉಸಿರು ಸಾಲದೆ ನಿಂತದ್ದು ಅಂತ ನನಗೆ ಗೊತ್ತಾಗಿತ್ತು. ನನಗೆ ಗೊತ್ತಾಗಿದೆ ಅಂತ ಅವರಿಗೂ ಗೊತ್ತಿತ್ತು. ಅವರನ್ನು ಕಳೆದುಕೊಳ್ಳುತ್ತೇನೆ ಎಂಬ ಭಯ ನನಗೆ ಹತ್ತಿದ್ದು ಅಲ್ಲೇ, ಆ ಗಾಣದ ಗದ್ದಲದ ನಡುವೆ.

ದೋಣಿ ಬಿಡಿ ಎಂದು ಹೇಳುವ ಬಾಯಿ ನನಗಿರಲಿಲ್ಲ. ದೋಣಿ ಬಿಟ್ಟರೆ ಅವರು ಅವರಾಗಿ ಉಳಿಯುವುದಿಲ್ಲ. ಹಾಗಾದರೆ ಹೊಗೆಯನ್ನೇ ಏನಾದರೂ ಮಾಡಬೇಕು.

ಮುಂದಿನ ವಾರ ಅಂಗನವಾಡಿಯ ಮೀಟಿಂಗಿಗೆಂದು ಯರಗಟ್ಟಿಗೆ ಹೋದವಳು, ಅಲ್ಲಿ ಪಂಪು, ಔಷಧಿ ಹೊಡೆಯುವ ಮಷಿನ್ನು, ಬೈಕು ಎಲ್ಲದರ ಸಾಮಾನು ಮಾರುವ ಅಂಗಡಿಗೆ ನುಗ್ಗಿದೆ. ಅಂಗಡಿಯ ಯಜಮಾನರು ವಯಸ್ಸಾದವರು, ಮೂಗಿನ ತುದಿಗೆ ಚಾಳೀಸು ಕನ್ನಡಕ. ನಾನು ನನ್ನ ಕಥೆಯೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು.

"ನಿಮ್ಮ ಯಜಮಾನ್ರು ಹಾಕೂದು ಸಾದಾ ಎಣ್ಣಿ, ಅಕ್ಕೋರ. ಮಿನರಲ್ ಅಂತೀವ್ರಿ ಅದಕ್ಕ. ಎಂಜಿನ್ನಿಗೆ ಕೆಟ್ಟದ್ದಲ್ಲ, ಆದ್ರ ಹೊಗಿ ಭಾಳ, ಒಳಗ ಮಸಿನೂ ಕಟ್ಟತೈತಿ. ಸಿಂಥೆಟಿಕ್ ಅಂತ ಬರತೈತಿ. ಸ್ವಚ್ಛ ಸುಡತೈತಿ. ಹೊಗಿ ಕಂಡೂ ಕಾಣಲಾರದಷ್ಟು."

"ಹಂಗಾರ ಎಲ್ಲಾರೂ ಅದನ್ನ ಯಾಕ ಹಾಕಂಗಿಲ್ರಿ?"

"ತುಟ್ಟಿ ನೋಡ್ರಿ, ಅದಕ್ಕ. ಮತ್ತ ಬೈಕಿನ ಡಬ್ಬಿ ಒಯ್ಯಬ್ಯಾಡ್ರಿ. ನೀರಿನ ಎಂಜಿನ್ ಬ್ಯಾರೆ, ಅದು ತಣ್ಣಗ ಓಡತೈತಿ, ಅದರ ಎಣ್ಣಿನೂ ಬ್ಯಾರೆ. ದೋಣಿದ ಅಂತ ಡಬ್ಬಿ ಮ್ಯಾಲ ಬರದಿರಬೇಕು. ನಾ ತರಿಸಿ ಕೊಡತೇನಿ."

ಹೊರಡುವಾಗ ಬೆರಳೆತ್ತಿ ಇನ್ನೊಂದು ಮಾತು ಹೇಳಿದರು. "ಅಳತಿ ಮೀರಬ್ಯಾಡ್ರಿ. ಛಲೋ ಎಣ್ಣಿ ಅಂತ ಹೆಚ್ಚ ಸುರವಿದ್ರ ಅದೂ ಹೊಗಿ ಬಿಡತೈತಿ."

ಮನೆಗೆ ಬಂದು ಗಂಡನಿಗೆ ಹೇಳಿದರೆ ಅವರು ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ಹಳೇ ಎಂಜಿನ್ ಐತಿ, ಹಳೇ ಎಣ್ಣಿ ಐತಿ. ಇಬ್ಬರದೂ ಕೂಡಿ ಬಂದೈತಿ. ನೀ ನಡುವ ಬಾಯಿ ಹಾಕಬ್ಯಾಡ."

ಅವರ ಹಟಕ್ಕೆ ಒಂದು ಕಾರಣವಿತ್ತು, ಅದು ನನಗೂ ಗೊತ್ತಿದ್ದದ್ದೇ. ಎಂಜಿನ್ ತಂದ ಹೊಸದರಲ್ಲಿ ಒಮ್ಮೆ ಗಡಿಬಿಡಿಯಲ್ಲಿ ಎಣ್ಣೆ ಕಲಸದೆ ಬರೀ ಪೆಟ್ರೋಲು ಹಾಕಿಕೊಂಡು ಹೋಗಿದ್ದರು. ದೋಣಿಯಲ್ಲಿ ಆಚೆ ದಂಡೆಯ ಶಾಲೆಯ ಮಕ್ಕಳು ನಾಲ್ಕು. ನಡುನೀರಿನಲ್ಲಿ ಪಿಸ್ಟನ್ ಹಿಡಿದುಕೊಂಡು ಎಂಜಿನ್ ನಿಂತುಬಿಟ್ಟಿತು. ಗಾಳಿಗೆ ದೋಣಿ ಅಡ್ಡಡ್ಡ ಹೊರಳುತ್ತಿದ್ದರೆ ಮಕ್ಕಳು ಚೀರುತ್ತಿದ್ದವಂತೆ. ಅಂಗೈಯ ತೊಗಲು ಕಿತ್ತು ಬರುವ ತನಕ ಹುಟ್ಟು ಹಾಕಿ ದಂಡೆಗೆ ತಂದರು. ಅವತ್ತಿನಿಂದ ಅವರದೊಂದು ಪದ್ಧತಿಯಾಯಿತು. ಎಂಜಿನ್ ಚಾಲೂ ಮಾಡಿದ ಕೂಡಲೇ ದೋಣಿ ಬಿಡುವುದಿಲ್ಲ. ಹಿಂದೆ ತಿರುಗಿ ನೋಡುತ್ತಾರೆ. ನೀಲಿ ಹೊಗೆ ಎದ್ದರೆ ಎಣ್ಣೆ ಬಿದ್ದಿದೆ ಅಂತ ಅರ್ಥ. ಕಂಡ ಮೇಲೆಯೇ "ಹೂಂ, ನಡೀರಿ" ಎನ್ನುತ್ತಾರೆ.

ಇದೆಲ್ಲ ಗೊತ್ತಿದ್ದೂ ನಾನು ಮಾಡಿದ ಕೆಲಸ ಕೇಳಿ. ಯರಗಟ್ಟಿಯಿಂದ ಹೊಸ ಡಬ್ಬಿ ಬಂತು. ಅವರು ಸಂತೆಗೆ ಹೋದಾಗ ಹಳೆಯ ಡಬ್ಬಿಯ ಎಣ್ಣೆಯನ್ನೆಲ್ಲ ಬಾಟಲಿಗೆ ಬಸಿದು ಅಟ್ಟದ ಮೇಲಿಟ್ಟೆ. ಅದೇ ಹಳೆಯ ಡಬ್ಬಿಗೆ ಹೊಸ ಎಣ್ಣೆ ಸುರುವಿ ಮುಚ್ಚಳ ತಿರುವಿದೆ. ಬಣ್ಣವೂ ಹೆಚ್ಚು ಕಡಿಮೆ ಅದೇ ಹಸಿರು. ಅಂಗನವಾಡಿಯಲ್ಲಿ ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ದಿನಾ ಕಲಿಸುವವಳು ನಾನು! ಆದರೆ ಅವರ ಎದೆಯ ಮುಂದೆ ನನ್ನ ಸುಳ್ಳು ಯಾವ ಲೆಕ್ಕ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬೆಳಿಗ್ಗೆ ಅವರು ಎಂದಿನ ಹಾಗೆ ಐದು ಲೀಟರಿನ ಕ್ಯಾನಿಗೆ ಒಂದು ಚಹಾದ ಗ್ಲಾಸು ಎಣ್ಣೆ ಅಳೆದು ಹಾಕಿ, ಕುಲುಕಿ, ಹೆಗಲಿಗೇರಿಸಿಕೊಂಡು, ಎಣ್ಣೆಯ ಡಬ್ಬಿಯನ್ನೂ ಕೈಯಲ್ಲಿ ಹಿಡಿದುಕೊಂಡು ಹೋದರು. ನಾನು ಒಲೆಯ ಮುಂದೆ ಕುಳಿತು ಒಳಗೊಳಗೇ ಹಿಗ್ಗಿದೆ.

ಒಂದು ವಾರ ಕಾದೆ. ಎರಡು ವಾರ ಕಾದೆ. ಕೆಮ್ಮು ಇಳಿಯಬೇಕಲ್ಲ, ಏರಿತು. ಮೊದಲು ಬೆಳಗಿನ ಜಾವ ಮಾತ್ರ ಕೆಮ್ಮುತ್ತಿದ್ದವರು ಈಗ ಉಣ್ಣುತ್ತ ಕೂತಾಗ ಕೆಮ್ಮಿ ತಾಟು ಸರಿಸುತ್ತಿದ್ದರು. ಅಂಗಿ ಒಗೆಯಲು ತೆಗೆದುಕೊಂಡರೆ ಮೊದಲಿಗಿಂತ ಹೆಚ್ಚು ಹೊಗೆಯ ವಾಸನೆ. ಯರಗಟ್ಟಿಯ ಆ ಮುದುಕ ನನಗೆ ಟೋಪಿ ಹಾಕಿದ ಎಂದು ಮನಸ್ಸಿನಲ್ಲಿ ಬೈದದ್ದೇ ಬೈದದ್ದು. ಪಾಪ, ಆ ಮನುಷ್ಯ ಏನೂ ತಪ್ಪು ಮಾಡಿರಲಿಲ್ಲ.

ಒಂದು ರವಿವಾರ ಆಚೆ ದಂಡೆಯ ನನ್ನ ಅಕ್ಕನನ್ನು ನೋಡಿಕೊಂಡು ಬರಲು ಅವರ ದೋಣಿಯಲ್ಲೇ ಹೋಗಿದ್ದೆ. ಮಧ್ಯಾಹ್ನ ಮರಳುವಾಗ ಬೇರೆ ಗಿರಾಕಿ ಯಾರೂ ಇರಲಿಲ್ಲ, ನಾವಿಬ್ಬರೇ. ಅಕ್ಕ ಕಟ್ಟಿಕೊಟ್ಟ ಸಜ್ಜೆ ರೊಟ್ಟಿಯ ಗಂಟು ನನ್ನ ತೊಡೆಯ ಮೇಲೆ. ಎಂಜಿನ್ ಚಾಲೂ ಆದಾಗ ನಾನೂ ಹಿಂದೆ ತಿರುಗಿ ನೋಡಿದೆ. ಎವ್ವಾ, ಹೊಗೆಯೆಂದರೆ ಹೊಗೆ! ಅವರ ಮುಖವೇ ಕಾಣದಷ್ಟು. ನಡುನೀರಿಗೆ ಬಂದಾಗ ಎಂಜಿನ್ ಬಿಕ್ಕತೊಡಗಿತು. ಎರಡು ಸಲ ಬಿಕ್ಕಿ, ಒಂದು ಸಲ ಟಪ್ಪೆಂದು, ನಿಂತುಬಿಟ್ಟಿತು.

ಅವರು ಎದ್ದು ಹಗ್ಗ ಜಗ್ಗಿದರು. ಜಗ್ಗಿದರು, ಜಗ್ಗಿದರು. ಆರನೆಯ ಸಲಕ್ಕೆ ಹಗ್ಗ ಕೈಯಿಂದ ಜಾರಿತು. ಕೆಮ್ಮು ಹತ್ತಿತು ನೋಡಿ, ಅದು ನಿಲ್ಲಲೇ ಇಲ್ಲ. ಮಂಡಿಯೂರಿ ಕುಸಿದರು. ತುಟಿ ನೇರಳೆಗೆ ತಿರುಗಿತು. ಉಸಿರು ಎಳೆದುಕೊಳ್ಳಲು ಬಾಯಿ ತೆರೆದರೆ ಸಿಳ್ಳೆ ಹಾಕಿದ ಸದ್ದು ಬರುತ್ತಿತ್ತು, ಗಾಳಿ ಒಳಗೆ ಹೋಗುತ್ತಿರಲಿಲ್ಲ. ರೊಟ್ಟಿಯ ಗಂಟು ಎಲ್ಲಿ ಬಿತ್ತೋ ಗೊತ್ತಿಲ್ಲ. ಅವರ ಬೆನ್ನನ್ನು ನನ್ನ ಎದೆಗೆ ಆನಿಸಿಕೊಂಡು ಕುಳಿತು, ಸವದತ್ತಿಯ ಡಾಕ್ಟರು ಕೊಟ್ಟಿದ್ದ ಉಸಿರಿನ ಪಂಪನ್ನು ಅವರ ಜೇಬಿನಿಂದ ತೆಗೆದು ಬಾಯಿಗೆ ಹಿಡಿದೆ. ಒಂದು ಸಲ ಒತ್ತಿದೆ. ತಡೆದು ಇನ್ನೊಂದು ಸಲ ಒತ್ತಿದೆ. ದೋಣಿ ತನ್ನಷ್ಟಕ್ಕೆ ಗಾಳಿ ಹೋದ ಕಡೆ ಹೋಗುತ್ತಿತ್ತು.

ಎಷ್ಟೋ ಹೊತ್ತಿನ ಮೇಲೆ ಸಿಳ್ಳೆಯ ಸದ್ದು ಕಡಿಮೆಯಾಯಿತು. ಅವರು ಆಡಿದ ಮೊದಲ ಮಾತು, "ಎಣ್ಣಿ ಸುಳ್ಳ ಐತಿ."

"ಏನಂದ್ರಿ?"

"ಅಂಗಡಿಯಾಂವ ನೀರು ಕಲಸಿದ ಎಣ್ಣಿ ಕೊಟ್ಟಾನ. ಒಂದು ಗ್ಲಾಸ್ ಹಾಕಿದ್ರ ಹೊಗಿನ ಬರಂಗಿಲ್ಲ. ಎರಡು ಹಾಕಿದೆ. ಆದ್ರೂ ಸಾಲಲಿಲ್ಲ. ಈಗ ಮೂರು ಹಾಕಾಕತ್ತೇನಿ."

ನನಗೆ ಎಲ್ಲ ಒಮ್ಮೆಲೇ ತಿಳಿಯಿತು. ಹೊಗೆ ಕಾಣದೆ ಈ ಮನುಷ್ಯ ದೋಣಿ ಬಿಡುವವರಲ್ಲ. ಹೊಗೆ ಬರದ ಎಣ್ಣೆ ತಂದಿಟ್ಟವಳು ನಾನು. ಹೊಗೆ ಬರುವ ತನಕ ಅವರು ದಂಡೆಯ ಮೇಲೆ ಗ್ಲಾಸಿನ ಮೇಲೆ ಗ್ಲಾಸು ಸುರಿದಿದ್ದರು. ನಾನು ಉಳಿಸಬೇಕೆಂದ ಎದೆಗೆ ಇಷ್ಟು ದಿನ ನಾನೇ ಮೂರು ಪಟ್ಟು ಹೊಗೆ ಊದಿಸಿದ್ದೆ.

"ಎಣ್ಣಿ ಬದಲ ಮಾಡಿದಾಕಿ ನಾನ್ರಿ" ಎಂದೆ. ಅಳು ಬಂತು, ತಡೆಯಲಿಲ್ಲ. ಡಬ್ಬಿ, ಬಾಟಲಿ, ಅಟ್ಟ, ಯರಗಟ್ಟಿ ಎಲ್ಲವನ್ನೂ ಅಳುತ್ತಲೇ ಹೇಳಿದೆ. ಬೈದರೆ ಬೈಸಿಕೊಳ್ಳಲು ತಯಾರಾಗಿದ್ದೆ. ಅವರು ಬೈಯಲಿಲ್ಲ.

"ಪಾನಾ ಕೊಡ" ಎಂದು ಸ್ಪ್ಯಾನರಿನ ಚೀಲದ ಕಡೆ ಕೈ ತೋರಿಸಿದರು.

ಅವರು ಹೇಳಿದ ಹಾಗೆ ಪಾನಾ ಹಿಡಿದು ಪ್ಲಗ್ ಬಿಚ್ಚಿದವಳು ನಾನೇ. ಪ್ಲಗ್ಗಿನ ತುದಿ ಕಾಡಿಗೆ ಹಚ್ಚಿದ ಹಾಗೆ ಕರ್ರಗೆ ತೊಯ್ದಿತ್ತು. ಸಾಮಾನು ತೊಳೆಯಲೆಂದು ಇಟ್ಟಿದ್ದ ಬಾಟಲಿಯ ಬರೀ ಪೆಟ್ರೋಲಿನಲ್ಲಿ ಅದನ್ನು ತೊಳೆದು ಸೆರಗಿನಿಂದ ಒರೆಸಿದೆ. ಉಳಿದ ಪೆಟ್ರೋಲನ್ನು ಟ್ಯಾಂಕಿಗೆ ಸುರುವಿ ಎಣ್ಣೆ ತೆಳ್ಳಗೆ ಮಾಡಿದೆ. ಹಗ್ಗವನ್ನೂ ನಾನೇ ಜಗ್ಗಿದೆ. "ಹಂಗಲ್ಲ, ಮೊದಲ ಸಾವಕಾಶ ಜಗ್ಗು, ಬಿಗಿ ಸಿಕ್ಕ ಮ್ಯಾಲ ಒಮ್ಮೆಗೇ ಎಳಿ" ಎಂದು ಅವರು ಕುಳಿತಲ್ಲಿಂದ ಹೇಳುತ್ತಿದ್ದರು. ನನ್ನ ರಟ್ಟೆ ಕಳಚಿ ಬಂದಂತಾದಾಗ ಎಂಜಿನ್ ಚಾಲೂ ಆಯಿತು. ಅವರನ್ನು ಮುಂದೆ, ಹೊಗೆ ತಾಗದ ಕಡೆ ಕೂಡಿಸಿ, ಹಿಡಿಕೆ ಹಿಡಿದು ದಂಡೆ ಮುಟ್ಟಿಸಿದೆ. ಅವರು ಬೆರಳಿನಲ್ಲಿ ದಾರಿ ತೋರಿಸಿದರು. ಸೊಟ್ಟಸೊಟ್ಟಾಗಿ ಹೋದೆವು, ಆದರೆ ಹೋದೆವು.

ಎರಡು ದಿನ ಅವರು ದೋಣಿ ತೆಗೆಯಲಿಲ್ಲ. ಮೂರನೆಯ ದಿನ ಡಾಕ್ಟರ ಹತ್ತಿರ ಹೋಗಿ ಬಂದೆವು. ಮರುದಿನ ಬೆಳಿಗ್ಗೆ ಅವರು ಅಂಗಳದಲ್ಲಿ ಕ್ಯಾನು ಮುಂದಿಟ್ಟುಕೊಂಡು ಕುಳಿತಿದ್ದರು. ನಾನು ಅಟ್ಟದ ಮೇಲಿನ ಹಳೆಯ ಎಣ್ಣೆಯ ಬಾಟಲಿ ಇಳಿಸಿ, ಹೊಸ ಎಣ್ಣೆಯ ಡಬ್ಬಿಯನ್ನೂ ತಂದು, ಎರಡನ್ನೂ ಅವರ ಮುಂದೆ ಇಟ್ಟೆ. ಮುಚ್ಚಿಟ್ಟು ಮಾಡುವ ಕೆಲಸ ಸಾಕಾಗಿತ್ತು.

ಅವರು ಎರಡನ್ನೂ ನೋಡಿದರು. "ಈ ಹೊಸಾ ಎಣ್ಣಿ ಹಾಕಿದ್ರ ನನ್ನ ಎದಿ ಮೊದಲಿನಂಗ ಆಗತೈತೇನು?"

ಹೌದು ಎನ್ನಬೇಕೆಂದು ಜೀವ ಹಾತೊರೆಯಿತು. ಆದರೆ ಡಾಕ್ಟರು ಹೇಳಿದ್ದನ್ನು ಹಿಂದಿನ ದಿನ ಕೇಳಿಸಿಕೊಂಡು ಬಂದಿದ್ದೆ. "ಇಲ್ರಿ" ಎಂದೆ. "ಹೋದದ್ದು ಬರಂಗಿಲ್ಲ."

"ಮತ್ಯಾಕ ಇಷ್ಟು ಒದ್ದಾಡತಿ?"

"ಉಳದದ್ದಾದ್ರೂ ನನಗ ಇರ್ಲಿ ಅಂತ."

ಅವರು ಮುಖ ಆಚೆ ತಿರುಗಿಸಿದರು. ಚಹಾದ ಗ್ಲಾಸನ್ನು ನನ್ನ ಕೈಗೆ ಕೊಟ್ಟು, "ನೀನ ಹಾಕು" ಎಂದರು. ಹೊಸ ಎಣ್ಣೆ ಒಂದೇ ಗ್ಲಾಸು ಅಳೆದು ಹಾಕಿದೆ. ದಂಡೆಯ ತನಕ ನಾನೂ ಹೋದೆ. ದೋಣಿಯಲ್ಲಿ ಆಗಲೇ ಐದಾರು ಜನ ಕುಳಿತಿದ್ದರು, ಒಬ್ಬಾಕೆಯ ಕಂಕುಳಲ್ಲಿ ಕೂಸು. ಎಂಜಿನ್ ಚಾಲೂ ಆಯಿತು. ಅವರು ತಿರುಗಿ ನೋಡಿದರು. ನೀರಿನ ಮೇಲೆ ಏನೂ ಏಳಲಿಲ್ಲ. ಎಂಜಿನ್ ಬಂದ್ ಮಾಡಿದರು. ಮತ್ತೆ ಚಾಲೂ ಮಾಡಿದರು, ಮತ್ತೆ ಬಂದ್ ಮಾಡಿದರು. ಜನ ಮುಖ ಮುಖ ನೋಡಿಕೊಂಡರು. ಅಷ್ಟು ಜನರ ಮುಂದೆ ಅವರ ಹಣೆಯ ಮೇಲೆ ಬೆವರು ಮೂಡಿತು.

ಆಮೇಲೆ ಅವರು ನೀರು ನೋಡುವುದು ಬಿಟ್ಟು ನನ್ನನ್ನು ನೋಡಿದರು.

"ಹಾಕೀಯಲ್ಲ?"

"ಹಾಕೇನ್ರಿ."

"ಖರೇನ?"

"ಖರೇನ."

ಅವರು ಹಗ್ಗ ಜಗ್ಗಿ, ಹಿಂದೆ ನೋಡದೆ ದೋಣಿ ಬಿಟ್ಟರು.