ಮೂವತ್ತೊಂದರ ಸಾಲಿನಲ್ಲಿ ಲೆಗಿಯೆಮ್

ಜಾವಾದ ಕೆದಿರಿ ಪಟ್ಟಣದ ಗ್ರಂಥಾಲಯದ ಬಾಗಿಲು ತೆರೆಯುವುದು ಎಂಟಕ್ಕೆ. ಪೊನಿದಿ ಐದೂವರೆಗೇ ಬಂದಿದ್ದಾರೆ. ಇಂದು ಜುಲೈ ಕೊನೆಯ ದಿನ. ಹಜಾರದ ಕರಿಹಲಗೆಯಿಂದ ಜುಲೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಹಲಗೆ ಆರುವವರೆಗೆ ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದಾರೆ. ಹಸಿ ಹಲಗೆಯ ಮೇಲೆ ಬರೆದರೆ ಅಕ್ಷರ ನಿಲ್ಲುವುದಿಲ್ಲ. ಕಾಯುವುದೂ ಅವರ ಬರವಣಿಗೆಯ ಒಂದು ಭಾಗ. ಬ್ರಾಂತಾಸ್ ನದಿಯ ಕಡೆಯಿಂದ ಬೆಳಕು ಬರುವ ಹೊತ್ತಿಗೆ ಅವರು ಎದ್ದು, ಸುಣ್ಣದ ಪುಡಿ ಸವರಿದ ದಾರವನ್ನು ಹಲಗೆಗೆ ಬಿಗಿಹಿಡಿದು ಚಿಮ್ಮುತ್ತಾರೆ. ಮೂರು ಅಂಕಣಗಳು ಮೂಡುತ್ತವೆ: ತಾರೀಖು, ಆಚರಣೆ, ಆ ದಿನ ಹುಟ್ಟಿದ ಲೇಖಕರು.

ಮೊದಲ ವಾರ ಎದೆಹಾಲಿನದು. ಒಂಬತ್ತು ಮೂಲನಿವಾಸಿಗಳದು, ಹನ್ನೆರಡು ಯುವಜನರದು, ಹದಿನಾಲ್ಕು ಸ್ಕೌಟುಗಳದು. ಹದಿನೇಳು ದೇಶದ ಸ್ವಾತಂತ್ರ್ಯದ ದಿನ. ಆ ಸಾಲಿಗೆ ಮಾತ್ರ ಕೆಂಪು ಸೀಮೆಸುಣ್ಣ. ಈ ಆಗಸ್ಟಿನಲ್ಲಿ ಆಚರಣೆಗಳು ಇಪ್ಪತ್ತೆರಡು, ಲೇಖಕರ ಹುಟ್ಟುದಿನಗಳು ಹದಿನೆಂಟು. ಹತ್ತೊಂಬತ್ತನೆಯದನ್ನು ಅವರು ಬರೆದಿಲ್ಲ. ಹನ್ನೊಂದು ವರ್ಷಗಳಲ್ಲಿ ಮೊದಲ ಸಲ ಮೂವತ್ತೊಂದರ ಮನೆ ಖಾಲಿ ಉಳಿದಿದೆ.

ಗ್ರಂಥಾಲಯದ ಪಟ್ಟಿಯಲ್ಲಿ ಪೊನಿದಿ ‘ಸಹಾಯಕ’. ಗುಡಿಸುವುದು, ಪತ್ರಿಕೆಗಳನ್ನು ಕೋಲಿಗೆ ಸಿಕ್ಕಿಸುವುದು, ಗೆದ್ದಲು ನೋಡುವುದು ಅವರ ಕೆಲಸ. ಇಪ್ಪತ್ತೇಳು ವರ್ಷಗಳಿಂದ ಹಲಗೆಯೂ ಅವರದೇ. ಬೇಸಗೆಯಲ್ಲಿ ಸುಣ್ಣದಿಂದ ಬೆರಳ ತುದಿ ಸೀಳುತ್ತದೆ, ರಾತ್ರಿ ತೆಂಗಿನೆಣ್ಣೆ ಹಚ್ಚಿಕೊಳ್ಳುತ್ತಾರೆ. ಹಲಗೆಯನ್ನು ಹತ್ತೊಂಬತ್ತು ಶಾಲೆಗಳ ಶಿಕ್ಷಕರು ನಕಲು ಮಾಡಿಕೊಂಡು ಹೋಗಿ ಧ್ವಜವಂದನೆಯಲ್ಲಿ ಓದಿಸುತ್ತಾರೆ. "ಒಂದು ಸಲ ಸೊಳ್ಳೆ ದಿನಾನ ಇಪ್ಪತ್ತರ ಬದಲು ಇಪ್ಪತ್ತೊಂದಕ್ಕೆ ಹಾಕಿಬಿಟ್ಟೆ" ಎನ್ನುತ್ತಾರೆ. "ಅಷ್ಟೂ ಶಾಲೆಯೋರು ಒಂದು ದಿನ ತಡವಾಗಿ ಚರಂಡಿ ತೊಳೆದ್ರು. ಸೊಳ್ಳೆಗಳೇನೂ ದೂರು ಕೊಡ್ಲಿಲ್ಲ."

ಆಗಸ್ಟ್ ಮೂವತ್ತೊಂದರ ಮನೆಯಲ್ಲಿರಬೇಕಾದ ಹೆಸರು ಲೆಗಿಯೆಮ್. ಹಗಲು ಸಿಗರೇಟು ಸುತ್ತುವ ಕೆಲಸ, ಸಂಜೆ ಜಾವಾ ಮಾತಿನಲ್ಲಿ ಮಕ್ಕಳ ಕಥೆ. ನಲವತ್ತಾರು ಕಥೆ, ಎರಡು ತೆಳ್ಳನೆಯ ಪುಸ್ತಕ. ತೀರಿಕೊಂಡು ಹನ್ನೆರಡು ವರ್ಷವಾಯಿತು. ಅವರ ಗುರುತಿನ ಚೀಟಿಯಲ್ಲಿರುವ ಹುಟ್ಟುದಿನ ಡಿಸೆಂಬರ್ ಮೂವತ್ತೊಂದು. ತಾರೀಖು ತಿಳಿಯದವರಿಗೆಲ್ಲ ಆ ಕಾಲದ ಗುಮಾಸ್ತರು ಬರೆದುಕೊಟ್ಟ ದಿನ ಅದು. ಹಲಗೆಯ ಡಿಸೆಂಬರಿನಲ್ಲಿ ಆ ಒಂದೇ ದಿನ ಏಳು ಮಂದಿ ಲೇಖಕರು ಹುಟ್ಟುತ್ತಾರೆ.

ಈ ವರ್ಷದಿಂದ ಹಲಗೆಯ ಪಟ್ಟಿ ಅಚ್ಚಾಗಿ ಪ್ರಾಂತ್ಯದ ಎಲ್ಲ ಗ್ರಂಥಾಲಯಗಳಿಗೂ ಹೋಗಲಿದೆ. ಪ್ರತಿ ಹೆಸರಿನ ಮುಂದೆ ದಾಖಲೆ ಬೇಕು. ಕೆದಿರಿಯ ಪಟ್ಟಿ ಇಂದು ಹತ್ತು ಗಂಟೆಗೆ ಹೊರಡಬೇಕು. ಮಾರ್ಚಿನಲ್ಲಿ ಬಂದ ಮುಖ್ಯಸ್ಥೆ ರೆತ್ನಾನಿ ಎಂಟಕ್ಕೆ ಸರಿಯಾಗಿ ಬಂದು ಖಾಲಿ ಮನೆಯನ್ನು ನೋಡುತ್ತಾರೆ. ಗೌರವದ ಕರೆಯಲ್ಲಿ ಅವರಿಗೆ ಪೊನಿದಿ ‘ಪಾಕ್’, ಅಂದರೆ ಅಪ್ಪ; ಪೊನಿದಿಗೆ ಅವರು ‘ಬು’, ಅಂದರೆ ಅಮ್ಮ.

"ಡಿಸೆಂಬರಿಗೆ ಹಾಕೋಣ ಪಾಕ್ ಪೊನಿದಿ. ಚೀಟಿ ಇದೆಯಲ್ಲ."

"ಚೀಟಿ ಇದೆ ಬು. ಆದ್ರೆ ಆ ದಿನ ಅವರು ಹುಟ್ಟಿಲ್ಲ."

ಗೇಟಿನ ಬಳಿ ಪೆಚೆಲ್, ಅಂದರೆ ಕಡಲೆಕಾಯಿ ಚಟ್ನಿ ಸುರಿದ ಬೆಂದ ಸೊಪ್ಪು, ಮಾರುವ ಪಾಯಿನಿ ಅಜ್ಜಿ ಲೆಗಿಯೆಮ್ ಅವರ ತಂಗಿ. ಬಾಳೆಲೆಯ ಪೊಟ್ಟಣ ಕೊಡಲು ಒಳಗೆ ಬಂದವರು ಅಲ್ಲೇ ನಿಲ್ಲುತ್ತಾರೆ. "ಲೇ ಪೊನಿದಿ, ನಿನ್ನ ಬೋರ್ಡಲ್ಲಿ ಸೊಳ್ಳೆಗೂ ಒಂದು ದಿನ ಐತೆ. ನಮ್ಮಕ್ಕಂಗೆ ಮಾತ್ರ ಇಲ್ಲ?"

"ನೀವೇ ಹೇಳಿ ಅಜ್ಜಿ, ಯಾವತ್ತು ಹುಟ್ಟಿದ್ದು?" ರೆತ್ನಾನಿ ಕುರ್ಚಿ ಎಳೆದು ಕೊಡುತ್ತಾರೆ.

"ಕೆಲೂದ್ ಬೆಟ್ಟ ಬೂದಿ ಉಗುಳಿದಾಗ. ಬೆಳಗ್ಗೇನೇ ಕತ್ತಲಾಗಿತ್ತಂತೆ. ದೀಪ ಹಚ್ಕೊಂಡು ಹೊಕ್ಕುಳ ಕೊಯ್ದ್ರು ಅಂತ ಅಮ್ಮ ಸಾಯೋವರೆಗೂ ಹೇಳೋಳು."

ಬೆಟ್ಟ ಸಿಡಿದದ್ದು ಸಾವಿರದ ಒಂಬೈನೂರ ಐವತ್ತೊಂದರ ಆಗಸ್ಟ್ ಮೂವತ್ತೊಂದರಂದು. ರೆತ್ನಾನಿಗೂ ಅದು ಗೊತ್ತು. "ಬೂದಿ ವಾರಗಟ್ಟಲೆ ಮನೆ ಮೇಲೆ ಇರುತ್ತೆ. ಆ ವಾರದಲ್ಲಿ ಯಾವ ದಿನ ಬೇಕಾದರೂ ಹುಟ್ಟಿರಬಹುದಲ್ಲ. ಕಾಗದ ಏನಿದೆ?"

"ಹೆಸರೇ ಕಾಗದ ಬು" ಎನ್ನುತ್ತಾರೆ ಪೊನಿದಿ.

ಜಾವಾದಲ್ಲಿ ಏಳು ದಿನದ ವಾರದ ಜೊತೆಗೆ ಐದು ದಿನದ ಸಂತೆವಾರವೂ ಓಡುತ್ತದೆ: ಲೆಗಿ, ಪಾಹಿಂಗ್, ಪೊನ್, ವಗೆ, ಕ್ಲಿವೊನ್. ಹುಟ್ಟಿದ ಸಂತೆವಾರವನ್ನೇ ಹಿಂದಿನವರು ಎಷ್ಟೋ ಮಕ್ಕಳಿಗೆ ಹೆಸರಾಗಿಟ್ಟರು. ಲೆಗಿಯಂದು ಹುಟ್ಟಿದವಳು ಲೆಗಿಯೆಮ್, ಪಾಹಿಂಗ್‌ನಂದು ಪಾಯಿನಿ, ಪೊನ್‌ನಂದು ಪೊನಿದಿ. ಎರಡೂ ವಾರಗಳು ಸೇರಿ ಒಂದು ಸುತ್ತು ಮುಗಿಯಲು ಮೂವತ್ತೈದು ದಿನ ಬೇಕು.

ಪೊನಿದಿ ಶಾಲೆಯ ನೋಟ್‌ಬುಕ್ಕೊಂದನ್ನು ಬಿಡಿಸಿ ಮೇಜಿನ ಮೇಲಿಡುತ್ತಾರೆ. ಸಾವಿರದ ಒಂಬೈನೂರ ನಲವತ್ತೈದರಲ್ಲಿ ಸ್ವಾತಂತ್ರ್ಯ ಘೋಷಣೆಯಾದದ್ದು ಶುಕ್ರವಾರ, ಲೆಗಿ. ಅದನ್ನು ಇಲ್ಲಿ ಕೇಳಿ ತಿಳಿಯಬೇಕಾಗಿಲ್ಲ. ಅಲ್ಲಿಂದ ಮೂವತ್ತೈದರ ಹೆಜ್ಜೆಯಲ್ಲಿ ಅವರು ಮುಂದೆ ನಡೆದಿದ್ದಾರೆ. ಅರವತ್ತಮೂರನೆಯ ಹೆಜ್ಜೆ ಬೆಟ್ಟ ಸಿಡಿದ ದಿನದ ಮೇಲೇ ಬೀಳುತ್ತದೆ.

"ಅಂದರೆ ಅದೂ ಶುಕ್ರವಾರ ಲೆಗಿ" ಎಂದು ರೆತ್ನಾನಿ ಬೆರಳಿಟ್ಟು ಓದುತ್ತಾರೆ. "ಆದರೆ ಐದು ದಿನ ಬಿಟ್ಟರೆ ಮತ್ತೆ ಲೆಗಿ. ಸೆಪ್ಟೆಂಬರ್ ಐದೂ ಆಗಬಹುದು."

"ಆಗಬಹುದು. ದೀಪ ಒಂದು ಅಡ್ಡ ಬರ್ತದೆ ನೋಡಿ."

ರೆತ್ನಾನಿ ನೋಟ್‌ಬುಕ್ಕಿನಿಂದ ಬೆರಳು ತೆಗೆಯುತ್ತಾರೆ. ಅವರ ತವರೂ ಆ ಬೆಟ್ಟದ ಬುಡದ್ದೇ; ಎರಡು ಸಾವಿರದ ಹದಿನಾಲ್ಕರಲ್ಲಿ ಅದು ಮತ್ತೆ ಉಗುಳಿದ ಬೂದಿಯನ್ನು ಕಂಡವರು. "ನಾವೂ ಬೆಳಗ್ಗೆ ಟಾರ್ಚ್ ಹಾಕಿ ಚಪ್ಪಲಿ ಹುಡುಕಿದ್ವಿ" ಎನ್ನುತ್ತಾರೆ. "ಒಂದೇ ದಿನ. ಮಾರನೇ ದಿನ ಬೂದಿ ಇತ್ತು, ಕತ್ತಲೆ ಇರಲಿಲ್ಲ."

"ಮತ್ತೆ ಇನ್ನೇನು, ಬರಿಯೇ ತಾಯಿ" ಎಂದು ಪಾಯಿನಿ ಅಜ್ಜಿ ಏಳುತ್ತಾರೆ. "ಅಲ್ಲಿ ಗಿರಾಕಿ ಕಾಯ್ತಾ ಅವ್ರೆ."

ಹತ್ತಕ್ಕೆ ಐದು ನಿಮಿಷವಿರುವಾಗ ಪಟ್ಟಿ ಹೊರಡುತ್ತದೆ. ಆಗಸ್ಟ್ ಮೂವತ್ತೊಂದರ ಎದುರು ಲೆಗಿಯೆಮ್; ದಾಖಲೆಯ ಅಂಕಣದಲ್ಲಿ ರೆತ್ನಾನಿ ಬರೆದದ್ದು ‘ಹೆಸರು, ದೀಪ’ ಎಂಬ ಎರಡೇ ಮಾತು. ಪ್ರಾಂತ್ಯದ ಕಚೇರಿ ಒಪ್ಪುವುದೋ ಇಲ್ಲವೋ ಹೇಳಲಾಗದು. ಕೆದಿರಿಯ ಹಲಗೆಯಂತೂ ಒಪ್ಪಿದೆ. ಪೊನಿದಿ ಖಾಲಿ ಮನೆಯನ್ನು ತುಂಬಿ, ಹಿಂದೆ ಸರಿದು, ‘ಮ್’ನ ಬಾಲವನ್ನು ಒಂದಿಷ್ಟು ಉದ್ದ ಮಾಡುತ್ತಾರೆ.

ಕಾಗದದಲ್ಲಿ ಅವರಿಗೆ ಐವತ್ತೆಂಟು ತುಂಬಿ ನಿವೃತ್ತಿಯಾಗುವುದು ಡಿಸೆಂಬರ್ ಮೂವತ್ತೊಂದಕ್ಕೆ. ಅವರ ಚೀಟಿಯಲ್ಲೂ ಗುಮಾಸ್ತರದೇ ತಾರೀಖು.

"ಲೆಕ್ಕ ಹಾಕಿ ನೋಡಿದೀನಿ, ನಾನು ಹುಟ್ಟಿದ್ದು ಏಪ್ರಿಲ್‌ನಲ್ಲಿ" ಎನ್ನುತ್ತಾರೆ, ಕೈಯ ಸುಣ್ಣ ಕೊಡವುತ್ತ. "ಗುಮಾಸ್ತರು ಸರಿಯಾಗಿ ಬರೆದಿದ್ರೆ ಆಗ್ಲೇ ಮನೆಗೆ ಕಳಿಸಿರೋರು. ಅವರ ತಪ್ಪಿಂದ ನಂಗೆ ಎಂಟು ತಿಂಗಳು ಸಿಕ್ತು. ಅದರಲ್ಲಿ ಇದೊಂದು ಕೆಲಸ ಆಯ್ತು."